ಎರಡೂವರೆ ಗಂಟೆ ಮುಂದಿದ್ದ ಗಡಿಯಾರ

ಗಾಡಿ ಕಳುವಾಗಿದೆ ಎಂದು ಗೊತ್ತಾದದ್ದು ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ. ನಮ್ಮ ಬೀದಿಯ ಮೇಷ್ಟ್ರು ಮಗಳನ್ನು ರೈಲಿಗೆ ಬಿಡಲು ಹೊರಗೆ ಬಂದು ನೋಡಿದರೆ, ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಬಡಾವಣೆಯ ಸಂಘದವರು ಮನೆಮನೆಯಿಂದ ದುಡ್ಡು ಕೂಡಿಸಿ ಎಂಟು ಕ್ಯಾಮೆರಾ ಹಾಕಿಸಿದ್ದೇವಲ್ಲ, ಕಳ್ಳ ಇವತ್ತೇ ಸಿಗುತ್ತಾನೆ ಎಂದುಕೊಂಡೆವು. ಠಾಣೆಯಿಂದ ಬಂದ ಹೆಡ್ ಕಾನ್‌ಸ್ಟೆಬಲ್ ಕಾವಲುಗಾರರ ಕೋಣೆಯಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಪ್ಲೇಬ್ಯಾಕ್ ಓಡಿಸಿದರು. ಟೋಪಿ ಹಾಕಿದವನೊಬ್ಬ ಗಾಡಿಯನ್ನು ತಳ್ಳಿಕೊಂಡು ಹೋಗುವುದು ಚೆನ್ನಾಗಿಯೇ ಕಂಡಿತು. ಪರದೆಯ ಮೂಲೆಯಲ್ಲಿದ್ದ ಸಮಯ 05:10.

“ಮೇಷ್ಟ್ರೇ, ಗಾಡಿ ಇಲ್ಲ ಅಂತ ನೀವು ನೋಡಿದ್ದು ನಾಲ್ಕೂ ಮುಕ್ಕಾಲಿಗೆ. ಇವನು ತಗೊಂಡು ಹೋಗ್ತಿರೋದು ಐದೂ ಹತ್ತಕ್ಕೆ. ಇದನ್ನ ನಾನು ಹೆಂಗೆ ಬರೆದುಕೊಳ್ಳಲಿ?”

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕ್ಯಾಮೆರಾ ಹಾಕಿಕೊಟ್ಟವರು ಫೋನ್ ಎತ್ತಲಿಲ್ಲ. ಒಂದು ವಾರ ಹೀಗೇ ಹೋದ ಮೇಲೆ ನಾನೇ ಒಂದು ರಾತ್ರಿ ಮೌಸ್ ಹಿಡಿದು ಕೂತು, ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ಸೆಟ್ಟಿಂಗ್ಸ್ ಒಂದೊಂದಾಗಿ ತೆರೆದೆ. ಟೈಮ್ ಝೋನ್ ಎಂಬ ಸಾಲಿನಲ್ಲಿ ಜಿಎಂಟಿ +08:00 ಎಂದಿತ್ತು. ಅದು ಚೀನಾದ ಸಮಯ. ನಮ್ಮದು +05:30. ಪೆಟ್ಟಿಗೆ ತಯಾರಾದ ಊರಿನ ಗಡಿಯಾರವೇ ಹಾಕಿಸಿದ ದಿನದಿಂದ ನಮ್ಮ ಬೀದಿಯಲ್ಲಿ ಓಡುತ್ತಿತ್ತು. ಅಂದರೆ ಗಾಡಿ ಹೋದದ್ದು ನಡುರಾತ್ರಿ ಎರಡು ನಲವತ್ತಕ್ಕೆ. ಮರುದಿನ ಬೆಳಿಗ್ಗೆಯೇ ಮುಖ್ಯರಸ್ತೆಯ ಅಂಗಡಿಗೆ ಓಡಿದೆವು, ಅಲ್ಲಿನ ಕ್ಯಾಮೆರಾದಲ್ಲಿ ಆ ಹೊತ್ತಿನ ದೃಶ್ಯ ಸಿಗುತ್ತದೆಂದು. ಅಂಗಡಿಯವರು ಪಾಪ ಕೂತು ಹುಡುಕಿದರು. ಎಂಟು ದಿನದ ಹಿಂದಿನದರ ಮೇಲೆ ಆಗಲೇ ಹೊಸದು ಬರೆದುಕೊಂಡಿತ್ತು.

ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂಬ ಲೆಕ್ಕ ಕ್ಯಾಮೆರಾ ಹಾಕಿಸುವ ಪ್ರತಿಯೊಬ್ಬರಿಗೂ ಬಾಯಿಪಾಠ ಆಗಿರಬೇಕು. ಎರಡು ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾವನ್ನು ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಇಟ್ಟರೆ ದಿನಕ್ಕೆ 21.6 ಜಿಬಿ ನುಂಗುತ್ತದೆ. ಎಂಟು ಕ್ಯಾಮೆರಾಕ್ಕೆ ಹತ್ತಿರ ಹತ್ತಿರ 173 ಜಿಬಿ. ಕೊಟೇಶನ್‌ನಲ್ಲಿ ಸುಮ್ಮನೆ ‘1 ಟಿಬಿ ಹಾರ್ಡ್ ಡಿಸ್ಕ್’ ಎಂದು ಬರೆದುಕೊಟ್ಟರೆ ಅದು ಆರನೇ ದಿನಕ್ಕೆ ತುಂಬಿ, ಹಳೆಯದನ್ನು ತಾನೇ ಅಳಿಸುತ್ತಾ ಹೋಗುತ್ತದೆ. ತಿಂಗಳು ಉಳಿಯಬೇಕಾದರೆ 5 ಟಿಬಿಗಿಂತ ಹೆಚ್ಚು ಬೇಕು. ವಿಡಿಯೊ ಕುಗ್ಗಿಸುವ ಎಚ್.265 ವಿಧಾನ ಆರಿಸಿಕೊಂಡರೆ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಹಳಷ್ಟು ಡಿವಿಆರ್‌ಗಳಲ್ಲಿ ಆ ಸೌಲಭ್ಯ ಇದ್ದೂ ಯಾರೂ ಒತ್ತಿರುವುದಿಲ್ಲ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ 30 ದಿನದ ಫುಟೇಜ್ ಇಟ್ಟುಕೊಂಡಿರಬೇಕೆಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಹೇಳುತ್ತದೆ. ಕ್ಯಾಮೆರಾ ಇದೆಯೇ ಎಂದು ಕೇಳುವವರು ಬೇಕಾದಷ್ಟು ಜನ. ಇಪ್ಪತ್ತೊಂಬತ್ತು ದಿನದ ಹಿಂದಿನದನ್ನು ತೆಗೆದು ತೋರಿಸಿ ಎಂದು ಕೇಳುವವರು ಬೇಕು.

ಜಾಗ ಉಳಿಸಲು ಮೋಷನ್ ಡಿಟೆಕ್ಷನ್ ಇಡುತ್ತಾರೆ, ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗಲಿ ಎಂದು. ನಮ್ಮ ಮೂರನೇ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿತ್ತು. ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕಿಗೆ ಹುಳ ಮುತ್ತಿ, ಗಾಳಿಗೆ ಬಲೆ ಅಲುಗಾಡಿ, ಇಡೀ ರಾತ್ರಿ ಬೆಳ್ಳಗಿನ ಎಳೆಯೊಂದೇ ರೆಕಾರ್ಡ್ ಆಗಿದೆ. ವಾರಕ್ಕೊಮ್ಮೆ ಪೊರಕೆಯ ತುದಿ ತಾಗಿಸಿದರೆ ಸಾಕಿತ್ತು.

ಪಾಸ್‌ವರ್ಡ್ ವಿಷಯಕ್ಕೆ ನನಗೆ ನಿಜವಾಗಿಯೂ ಭಯವಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ಡಿವಿಆರ್‌ಗಳಿಗೆ ನುಗ್ಗಿತು. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯಲ್ಲೇ ಹಾಕಿಟ್ಟ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಹಾಗೆ ವಶವಾದ ಯಂತ್ರಗಳ ದಾಳಿಯಿಂದ ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ಗಂಟೆಗಟ್ಟಲೆ ತೆರೆಯದೆ ಹೋದವು. ನಮ್ಮ ದೇಶದಲ್ಲೇ, 2025ರ ಫೆಬ್ರುವರಿಯಲ್ಲಿ, ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಕೋಣೆಯ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ಅಲ್ಲಿ ಮಲಗಿದ್ದ ಹೆಣ್ಣುಮಕ್ಕಳಿಗೆ ಆದ ಅವಮಾನವನ್ನು ಯಾರು ತುಂಬಿಕೊಡಬೇಕು? ಮಗಳು, ಸೊಸೆ, ಬಾಣಂತಿ ಓಡಾಡುವ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಪಾಸ್‌ವರ್ಡ್ ಬದಲಾಯಿಸಿ. ಎದುರು ಮನೆಯ ಕಿಟಕಿ ಚೌಕಟ್ಟಿನೊಳಗೆ ಬಂದರೆ ಪ್ರೈವಸಿ ಮಾಸ್ಕ್ ಎಂಬುದಿದೆ, ಆ ಭಾಗಕ್ಕೆ ಕಪ್ಪು ಪಟ್ಟಿ ಎಳೆಯಿರಿ. ಎರಡು ನಿಮಿಷದ ಕೆಲಸ.

ಇನ್ನು ಕೋರ್ಟಿನ ಮಾತು. ಮಾನಿಟರ್ ಮುಂದೆ ಮೊಬೈಲ್ ಹಿಡಿದು ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುವುದು ಈಗ ಎಲ್ಲ ಕಡೆ ರೂಢಿ. ನಾವೂ ಹಾಗೇ ಮಾಡಿದ್ದೆವು. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದು ಕಳ್ಳನ ಮುಖವೇ ಬಿಳಿಚಿಕೊಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯೇ ಆಗುತ್ತದೆ. ಆದ್ದರಿಂದ ಡಿವಿಆರ್‌ನ ಬ್ಯಾಕಪ್ ಮೆನುಗೇ ಹೋಗಿ, ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಇಳಿಸಿಕೊಡಬೇಕು. ಇದನ್ನು ಮಾಡಲು ಬೀದಿಯಲ್ಲಿ ಇಬ್ಬರಿಗಾದರೂ ಬರಬೇಕು.

ಕ್ಯಾಮೆರಾ ಇದ್ದರೆ ಸಾಲದು, ದಾಖಲೆ ಉಳಿಯಬೇಕು ಎಂಬ ಮಾತು ಪೊಲೀಸ್ ಠಾಣೆಗಳಿಗೂ ಸಲ್ಲುತ್ತದೆ. ಎಲ್ಲ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, 18 ತಿಂಗಳ ದಾಖಲೆ ಉಳಿಯಬೇಕು, ಅದು ಆಗದಿದ್ದರೆ ಕಡೇಪಕ್ಷ ಒಂದು ವರ್ಷದ್ದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಕ್ಯಾಮೆರಾ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದು ಎಂದೂ ಹೇಳಿತು. ಸುಮಾರು ಐದು ವರ್ಷದ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ, ಠಾಣೆಗಳಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂದು ಅದೇ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಕಸ್ಟಡಿಯಲ್ಲಿ ಸತ್ತವನ ಮನೆಯವರಿಗೆ ‘ಆ ದಿನದ ಫುಟೇಜ್ ಇಲ್ಲ’ ಎಂಬ ಉತ್ತರ ಸಿಗುವುದು ಸಣ್ಣ ಮಾತಲ್ಲ.

ಮೇಷ್ಟ್ರ ಸ್ಕೂಟರ್ ಇನ್ನೂ ಸಿಕ್ಕಿಲ್ಲ. ನಮ್ಮ ಡಿವಿಆರ್‌ನ ಗಡಿಯಾರ ಈಗ ಇಂಟರ್‌ನೆಟ್ಟಿನಿಂದ ತಾನೇ ಸಮಯ ಸರಿಮಾಡಿಕೊಳ್ಳುತ್ತದೆ. ಮಾನಿಟರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಪ್ರತಿ ಭಾನುವಾರ ಕಾವಲುಗಾರರು ತಮ್ಮ ಮೊಬೈಲಿನ ಸಮಯ, ಪರದೆಯ ಸಮಯ, ಸಿಗುವ ಅತ್ಯಂತ ಹಳೆಯ ದಿನಾಂಕ, ಮೂರನ್ನೂ ಬರೆದು ಸಹಿ ಹಾಕುತ್ತಾರೆ. ಮೊನ್ನೆ ಅವರೇ ಮನೆಗೆ ಬಂದು, “ಸಾರ್, ಗುರುವಾರ ಕರೆಂಟ್ ಹೋದ ಇಪ್ಪತ್ತು ನಿಮಿಷ ಎಂಟೂ ಕ್ಯಾಮೆರಾದಲ್ಲಿ ಏನೂ ಇಲ್ಲ” ಎಂದರು. ಹೋಗಿ ನೋಡಿದೆ. ಡಿವಿಆರ್ ಯುಪಿಎಸ್‌ಗೆ ಸೇರಿದೆ. ಕ್ಯಾಮೆರಾಗಳ ಪವರ್ ಸಪ್ಲೈ ಪಕ್ಕದ ಸಾದಾ ಪ್ಲಗ್‌ನಲ್ಲಿದೆ. ಶನಿವಾರ ಎಲೆಕ್ಟ್ರಿಷಿಯನ್ ಬರುತ್ತಾರೆ.