ದೂರದ ಗುರುಗಳ ಕಾಣಿಕೆ

ಪರದೇಶದಲ್ಲಿ ಪಾಠ ಹೇಳುವ ಅಧ್ಯಾಪಕನಿಗೆ ಎರಡು ಊರುಗಳ ಋಣವಿರುತ್ತದೆ. ಅಕ್ಷರ ಕಲಿಸಿದ ಊರಿನದು ಒಂದು. ಅನ್ನ ಕೊಟ್ಟ ಊರಿನದು ಇನ್ನೊಂದು. ಎರಡರಲ್ಲಿ ಎಲ್ಲಿಯಾದರೂ ಶಾಲೆಯ ಚಾವಣಿ ಸೋರುತ್ತಿದೆಯೆಂದೋ, ಬಡ ವಿದ್ಯಾರ್ಥಿಗೆ ಶುಲ್ಕ ಕಟ್ಟಲು ಆಗದೆಂದೋ ಕೇಳಿದಾಗ ಅವನ ಮನಸ್ಸು ಉಳಿದವರ ಮನಸ್ಸಿಗಿಂತ ಬೇಗ ಕರಗುವುದು ಸಹಜ. ಒಬ್ಬನ ಮನಸ್ಸು ಕರಗಿದರೆ ಹತ್ತು ಮಂದಿ ಸಹೋದ್ಯೋಗಿಗಳ ಕಿವಿಗೆ ಸುದ್ದಿ ಬೀಳುತ್ತದೆ. ಚಂದಾ ಪಟ್ಟಿಯೊಂದು ಹುಟ್ಟುತ್ತದೆ. ಹುಟ್ಟುವುದು ಸುಲಭ, ಬದುಕುವುದು ಕಷ್ಟ. ಅಧ್ಯಾಪಕನ ಸಂಬಳ ತಿಂಗಳಿಗೊಮ್ಮೆ ಬರುವಂಥದು, ಅವನ ಒಪ್ಪಂದವೋ ಎರಡು ಮೂರು ವರ್ಷಗಳದು. ಅವನು ಗಂಟುಮೂಟೆ ಕಟ್ಟಿದ ದಿನ ಪಟ್ಟಿಯೂ ಪೆಟ್ಟಿಗೆ ಸೇರಿಬಿಟ್ಟರೆ, ಅದನ್ನು ನಂಬಿ ಶಾಲೆಗೆ ಸೇರಿದ ಮಗುವಿನ ಗತಿಯೇನು?

ಈ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆ ಮಂಗಳೂರಿಗೆ ಮೂವರನ್ನು ಕಳುಹಿಸಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, ಹೀಗೆ ಅವರ ಠಾಣೆಗಳು ಒಳನಾಡಿಗೆ ಹಬ್ಬಿದವು. ಬೆಟಗೇರಿಯಿಂದ ಪೂರ್ವಕ್ಕೆ ಎತ್ತಿನ ಗಾಡಿಯಲ್ಲಿ ಹೊರಟರೆ ಒಂದೆರಡು ದಿನಕ್ಕೆ ಕುಕನೂರು. ಬಂದವರು ಧರ್ಮಪ್ರಸಾರಕರು, ಆದರೆ ಹೋದಲ್ಲೆಲ್ಲ ಶಾಲೆ ತೆರೆದು ಉಪಾಧ್ಯಾಯರೂ ಆದರು. ಅವರಿಗೆ ಬೆಂಬಲವಾಗಿದ್ದ ಬಾಸೆಲಿನಲ್ಲಿ ಸಿರಿವಂತರಿಲ್ಲದೆ ಇರಲಿಲ್ಲ. ಆದರೆ ಸಿರಿವಂತರ ದಾನ ಮಳೆಯಂತೆ. ಬಂದಾಗ ಬಂತು, ಹೋದಾಗ ಹೋಯಿತು. ಶಾಲೆಗೆ ಬೇಕಾದದ್ದು ಬಾವಿಯ ಊಟೆ.

ಆ ಊಟೆಯನ್ನು ತೋಡಿದವನು ಬಾಸೆಲಿನ ಉದ್ಯಮಿ ಕಾರ್ಲ್ ಸರಾಸಿನ್. 1855ರ ಸುಮಾರಿಗೆ ಆತ ಹೂಡಿದ ಯೋಜನೆಗೆ ‘ಅರೆ ಬಾಟ್ಸೆನ್ ವಂತಿಗೆ’ ಎಂದು ಹೆಸರು. ಬಾಟ್ಸೆನ್ ಎಂಬುದು ಅಲ್ಲಿಯ ಜನ ಹತ್ತು ಸೆಂಟೈಮಿನ ನಾಣ್ಯವನ್ನು ಕರೆಯುತ್ತಿದ್ದ ಹೆಸರು. ಅದರ ಅರ್ಧ ಐದು ಸೆಂಟೈಮು. ಒಬ್ಬ ಸಂಗ್ರಾಹಕ, ಅವನ ಕೈಕೆಳಗೆ ಹತ್ತು ಮಂದಿ ದಾನಿಗಳು. ಪ್ರತಿಯೊಬ್ಬನೂ ವಾರಕ್ಕೆ ಅರ್ಧ ಬಾಟ್ಸೆನ್ ಕೊಡಬೇಕು. ಇಷ್ಟೇ ಕಟ್ಟಳೆ. ಅಗಸಗಿತ್ತಿಯೂ ಕೊಡಬಲ್ಲಳು, ಕಾರ್ಖಾನೆಯ ಕೂಲಿಕಾರನೂ ಕೊಡಬಲ್ಲನು. ಲೆಕ್ಕ ಹಾಕಿದರೆ ಹತ್ತು ಜನರ ಒಂದು ಕೂಟದಿಂದ ವರ್ಷಕ್ಕೆ 26 ಫ್ರಾಂಕು. ನೋಡಲು ಚಿಲ್ಲರೆ. ಆದರೆ ಕೂಟಗಳು ಸ್ವಿಟ್ಜರ್‌ಲೆಂಡಿನಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಊರೂರಿಗೆ ಹರಡಿದಾಗ ಆ ಚಿಲ್ಲರೆಯೇ ಸಂಸ್ಥೆಯ ಮುಖ್ಯ ಆದಾಯಗಳಲ್ಲೊಂದಾಯಿತು. ಮುಖ ಕಾಣದ ಬಡವನೊಬ್ಬನ ಐದು ಸೆಂಟೈಮು ಕಡಲು ದಾಟಿ ಕನ್ನಡ ಮಗುವಿನ ಹಲಗೆ ಬಳಪಕ್ಕೆ ಒದಗಿದ ಕಥೆಯಿದು.

ಇದಕ್ಕೆ ಎದುರಾಗಿ ಇನ್ನೊಂದು ದಾನವನ್ನು ಇಟ್ಟು ನೋಡಬೇಕು. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳು ಬೆಂದುಹೋದವು. ಹೆಣ ಹೂಳುವವರಿಲ್ಲದ ಹಳ್ಳಿಗಳ ನೆನಪನ್ನು ಜನ ತಲೆಮಾರುಗಳವರೆಗೆ ಹೇಳಿಕೊಂಡು ಬಂದರು. 1877ರಲ್ಲಿ ಲಂಡನ್ನಿನ ಲಾರ್ಡ್ ಮೇಯರನು ತೆರೆದ ಪರಿಹಾರನಿಧಿಗೆ ಆರು ಲಕ್ಷ ಪೌಂಡಿಗೂ ಮಿಕ್ಕಿ ಹಣ ಹರಿದುಬಂತು. ಅದರಿಂದ ಉಳಿದ ಜೀವಗಳೆಷ್ಟೋ. ಆದರೆ ಮಳೆ ಬಿದ್ದ ಮೇಲೆ ನಿಧಿ ಮುಚ್ಚಿತು, ಮುಚ್ಚಬೇಕಾದದ್ದೇ. ಆಪತ್ತಿನ ದಾನದ ಧರ್ಮ ಅದು. ವಿದ್ಯಾದಾನದ ಧರ್ಮ ಬೇರೆ. ಹಸಿವಿಗೆ ಇಂದೇ ಗಂಜಿ ಬೇಕು. ಓದಿಗೆ ಹತ್ತು ವರ್ಷ ತಪ್ಪದೆ ಎಣ್ಣೆ ಬೇಕು. ಎರಡನ್ನೂ ಒಂದೇ ಚಂದಾ ಪಟ್ಟಿಯಲ್ಲಿ ಬೆರೆಸುವವರು ಎರಡನ್ನೂ ಕೆಡಿಸುತ್ತಾರೆ.

ಅಧ್ಯಾಪಕನೊಬ್ಬನೇ ನಿಂತು ಸೇವೆಯನ್ನು ಬೆಳೆಸಿದ ನಿದರ್ಶನವೂ ಕರಾವಳಿಯಲ್ಲಿದೆ. ಜರ್ಮನಿಯಲ್ಲಿ ಹುಟ್ಟಿದ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿಗೆ ಬಂದದ್ದು ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳಲು. ಬಡವರಿಗೆ ಹೋಮಿಯೋಪತಿ ಮದ್ದು ಹಂಚತೊಡಗಿ 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯವನ್ನೇ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಅವರು ದಾನವನ್ನಷ್ಟೇ ನೆಚ್ಚಲಿಲ್ಲ. ಔಷಧಗಳನ್ನು ದೂರದೂರುಗಳಿಗೆ ಮಾರಿ ಬಂದ ಹಣವನ್ನೂ ರೋಗಿಗಳ ಸೇವೆಗೆ ತೊಡಗಿಸಿದರು. 1910ರಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ಉಳಿದು ಬೆಳೆಯಿತು. ಬೇಡುವ ಕೈಗೆ ದುಡಿಯುವ ಕೈ ಜೊತೆಯಾದರೆ ಕೆಲಸ ಬಾಳುತ್ತದೆ.

ಆದರೆ ಪರದೇಶದ ಹಣಕ್ಕೆ ಇನ್ನೊಂದು ಮುಖವುಂಟು. ಬಾಸೆಲಿನವರು ಕೊಟ್ಟ ಕಾಸಿಗೆ ಅವರದೇ ಉದ್ದೇಶವಿತ್ತು. ತಮ್ಮ ಮತವನ್ನು ಹರಡುವುದಕ್ಕಾಗಿಯೇ ಅವರು ಕೊಟ್ಟರು. ಕನ್ನಡ ನಾಡು ಅದರಿಂದ ಶಾಲೆ, ಮುದ್ರಣಾಲಯ, 1894ರಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟು ಮೊದಲಾದ ಬಾಳುವ ಲಾಭಗಳನ್ನು ಪಡೆಯಿತೆಂಬುದು ನಿಜ. ಕೊಡುವವನ ಮನಸ್ಸನ್ನು ಅರಿತು ತೆಗೆದುಕೊಳ್ಳಬೇಕೆಂಬುದೂ ಅಷ್ಟೇ ನಿಜ. ಇನ್ನು ಊಟೆ ಎಷ್ಟು ಆಳವಾಗಿದ್ದರೂ ಅದು ಪರರ ಹೊಲದಲ್ಲಿದ್ದರೆ ಭಯ ತಪ್ಪದು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿದಾಗ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಎಲ್ಲಿಯೋ ಹಾರಿದ ಗುಂಡು ಇಲ್ಲಿಯ ಶಾಲೆಯ ಹಣದ ದಾರಿಯನ್ನು ಕಡಿಯಿತು.

ಕುಕನೂರು ಇಲ್ಲಿ ಬೇರೊಂದು ಪಾಠ ಹೇಳುತ್ತದೆ. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವಿರುವ, ಒಂದು ಕಾಲಕ್ಕೆ ಅಗ್ರಹಾರವಾಗಿದ್ದ ಈ ಊರು ಸ್ವಾತಂತ್ರ್ಯಪೂರ್ವದಲ್ಲಿ ನಿಜಾಮನ ರಾಜ್ಯಕ್ಕೆ ಸೇರಿತ್ತು. ಅಲ್ಲಿ ಉರ್ದುವಿಗೆ ರಾಜಮನ್ನಣೆ. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಕಲಿಯುವ ಅನುಕೂಲ ಬಲು ಕಡಿಮೆ. ಅಂಥ ಹೊತ್ತಿನಲ್ಲಿ 1922ರಲ್ಲಿ ಇಲ್ಲಿ ವಿದ್ಯಾನಂದ ಗುರುಕುಲ ತಲೆಯೆತ್ತಿತು. ಕಲಬುರ್ಗಿಯ ನೂತನ ವಿದ್ಯಾಲಯ, ರಾಯಚೂರಿನ ಹಮದರ್ದ್ ಶಾಲೆಗಳೊಡನೆ ಅದೂ ಆ ಸೀಮೆಯಲ್ಲಿ ಕನ್ನಡದ ಮತ್ತು ರಾಷ್ಟ್ರೀಯ ಭಾವನೆಯ ಹಣತೆಯನ್ನು ಕಾಪಾಡಿತು. ಶಾಲೆ ಊರವರದೆಂಬ ಅಭಿಮಾನವೇ ಅಂಥ ಸಂಸ್ಥೆಗಳ ಮೊದಲ ಮೂಲಧನ. ಹೊರಗಿನ ಹಣ ಆ ಮೂಲಧನಕ್ಕೆ ಬಡ್ಡಿಯಾಗಬಹುದು, ಬದಲಿಯಾಗಲಾರದು.

ಇಂದು ಗಾಳಿ ತಿರುಗಿದೆ. ಹಿಂದೆ ಗುರುಗಳು ಅಲ್ಲಿಂದ ಇಲ್ಲಿಗೆ ಬರುತ್ತಿದ್ದರು. ಈಗ ಕನ್ನಡದ ಮಕ್ಕಳು ಇಲ್ಲಿಂದ ಹೋಗಿ ಕೊಲ್ಲಿಯ ದೇಶಗಳಲ್ಲಿ, ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಅಧ್ಯಾಪಕರಾಗಿದ್ದಾರೆ. ಅವರು ತಮ್ಮ ಜೊತೆಯ ಅಧ್ಯಾಪಕರನ್ನು ಕೂಡಿಸಿ ಕುಕನೂರಿನಂಥ ಊರಿನ ಶಾಲೆಗೆ ಹಣ ಕಳುಹಿಸಲು ಬಯಸಿದರೆ ಮೊದಲು ಕಾನೂನಿನ ಹೊಸ್ತಿಲನ್ನು ನೋಡಿಕೊಳ್ಳಬೇಕು. ವಿದೇಶಿ ವಂತಿಗೆಯ ನಿಯಂತ್ರಣಕ್ಕೆ ಮೊದಲು 1976ರಲ್ಲಿ, ಅದರ ಸ್ಥಾನದಲ್ಲಿ 2010ರಲ್ಲಿ ಕಾಯಿದೆ ಬಂತು. 2020ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇಲ್ಲಿ ಹಲವರು ಎಡವುವುದು ಒಂದು ಸಣ್ಣ ಪುಸ್ತಕದಿಂದ, ಎಂದರೆ ಪಾಸ್‌ಪೋರ್ಟಿನಿಂದ. ಭಾರತದ ಪೌರತ್ವವನ್ನು ಉಳಿಸಿಕೊಂಡವನು ಎಲ್ಲಿಯೇ ಇರಲಿ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ವಂತಿಗೆಯೆನಿಸದು. ಬೇರೆ ದೇಶದ ಪ್ರಜೆಯಾದವನು ಕುಕನೂರಿನಲ್ಲಿಯೇ ಹುಟ್ಟಿ ಕನ್ನಡದಲ್ಲಿಯೇ ಕನಸು ಕಾಣುತ್ತಿದ್ದರೂ ಅವನು ಕೊಟ್ಟದ್ದು ವಿದೇಶಿ ವಂತಿಗೆಯೇ. ಅದನ್ನು ಸ್ವೀಕರಿಸಬೇಕಾದರೆ ಸಂಸ್ಥೆಗೆ ಕೇಂದ್ರ ಗೃಹಖಾತೆಯ ನೋಂದಣಿಯಾಗಲಿ ಮುಂಗಡ ಅನುಮತಿಯಾಗಲಿ ಇರಬೇಕು. ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಗೊತ್ತಾದ ಖಾತೆಗೇ ಮೊದಲು ಬರಬೇಕು. ಬಂದದ್ದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ವೆಚ್ಚ ನೂರಕ್ಕೆ ಇಪ್ಪತ್ತನ್ನು ಮೀರುವಂತಿಲ್ಲ.

ಆದುದರಿಂದ ನಾಲ್ವರು ಅಧ್ಯಾಪಕರು ಕೂಡಿ ಹಣವನ್ನು ಒಬ್ಬನ ಖಾತೆಗೆ ಸೇರಿಸಿ ಕಳುಹಿಸುವ ಸುಲಭೋಪಾಯ ಸಲ್ಲದು. ಯಾರದೆಂದು ತಿಳಿಯದ ಹಣ ಒಳ್ಳೆಯ ಸಂಸ್ಥೆಯನ್ನೂ ತೊಡಕಿಗೆ ಸಿಲುಕಿಸುತ್ತದೆ. ದಾನಿಗೆ ಹೋಗುವುದು ನೂರು ಡಾಲರು, ಶಾಲೆಗೆ ಹೋಗುವುದು ಮಾನ. ಪ್ರತಿಯೊಬ್ಬನೂ ತನ್ನ ಹೆಸರಿನಲ್ಲಿಯೇ ಕಳುಹಿಸಬೇಕು, ಪ್ರತಿಯೊಬ್ಬನಿಗೂ ರಸೀದಿ ಹೋಗಬೇಕು. ಸರಾಸಿನ್ನನ ಉಪಾಯ ಇಲ್ಲಿ ಮತ್ತೆ ನೆರವಾಗುತ್ತದೆ. ಒಬ್ಬನು ಹತ್ತು ಮಂದಿಯ ಹೊಣೆ ಹೊರಲಿ. ಅವನ ಕೆಲಸ ಹಣ ಹಿಡಿಯುವುದಲ್ಲ, ನೆನಪು ಮಾಡುವುದು. ನಲವತ್ತು ಮಂದಿ ತಿಂಗಳಿಗೆ ಐದು ನೂರು ರೂಪಾಯಿಯಂತೆ ಕೊಟ್ಟರೂ ವರ್ಷಕ್ಕೆ 2,40,000 ರೂಪಾಯಿ ಆಗುತ್ತದೆ. ಒಬ್ಬನು ಕೆಲಸ ಬಿಟ್ಟು ಹೊರಡುವಾಗ ತನ್ನ ಜಾಗಕ್ಕೆ ಇನ್ನೊಬ್ಬನನ್ನು ಸೇರಿಸಿ ಹೋಗುವ ಕಟ್ಟಳೆಯಿದ್ದರೆ ಪಟ್ಟಿ ಪೆಟ್ಟಿಗೆ ಸೇರುವ ಭಯವಿಲ್ಲ. ಒಂದು ವರ್ಷದ ವೆಚ್ಚವನ್ನು ಮುಂಗಡವಾಗಿ ಕೂಡಿಟ್ಟ ಬಳಿಕವೇ ವಿದ್ಯಾರ್ಥಿಗೆ ಮಾತು ಕೊಡುವುದು ಇನ್ನೂ ಲೇಸು.

ಶಾಲೆಯವರ ಕರ್ತವ್ಯವೂ ಕಡಿಮೆಯದಲ್ಲ. ಬೇಕಾದದ್ದೇನೆಂದು ಅವರೇ ಹೇಳಬೇಕು. ಪ್ರಯೋಗಶಾಲೆಗೆ ಗಾಜಿನ ಸಾಮಾನು ಬೇಕಾದಲ್ಲಿ ದಾನಿಯ ಹೆಸರಿನ ಕಮಾನು ಕಟ್ಟಿಸಿದರೆ ಫಲವಿಲ್ಲ. ನೆರವು ಪಡೆದ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆದು ಕಳುಹಿಸುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು. ಬಡತನವನ್ನು ಪ್ರದರ್ಶನಕ್ಕಿಟ್ಟು ಪಡೆದ ವಿದ್ಯೆ ಮಗುವಿನ ಬೆನ್ನು ಬಾಗಿಸುತ್ತದೆ. ದಾನಿಗಳಿಗೆ ಸಲ್ಲಬೇಕಾದದ್ದು ಲೆಕ್ಕ, ಮಗುವಿನ ಮುಖವಲ್ಲ. ಪೂರ್ವಿಕರು ಶಾಸನಗಳಲ್ಲಿ ಕೊಟ್ಟವನ ಹೆಸರು, ಭೂಮಿಯ ಅಳತೆ, ನಾಲ್ಕು ಎಲ್ಲೆ, ನೋಡಿಕೊಳ್ಳಬೇಕಾದವರು ಯಾರೆಂಬುದು ಎಲ್ಲವನ್ನೂ ಕಲ್ಲಿನಲ್ಲಿ ಕೊರೆಯಿಸಿ ಊರ ನಡುವೆ ನಿಲ್ಲಿಸುತ್ತಿದ್ದರು. ಯಾರು ಬೇಕಾದರೂ ನಿಂತು ಓದಬಹುದಿತ್ತು. ಶಾಲೆಯ ಗೋಡೆಗೆ ವರ್ಷಕ್ಕೊಮ್ಮೆ ಅಂಟಿಸುವ ಆಯವ್ಯಯದ ಒಂದು ಹಾಳೆ ಆ ಶಾಸನದ ವಂಶಕ್ಕೆ ಸೇರಿದ್ದೇ.

ಊರಿನ ಜನ ತಮ್ಮ ಪಾಲನ್ನು, ಅದು ಎಷ್ಟೇ ಚಿಕ್ಕದಿರಲಿ, ಮೊದಲು ಇಡಲಿ. ಶ್ರಮವನ್ನಾದರೂ ಇಡಲಿ. ಆಮೇಲೆ ಬರುವ ದೂರದ ಗುರುಗಳ ಕಾಣಿಕೆ ಭಿಕ್ಷೆಯಾಗುವುದಿಲ್ಲ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಒಬ್ಬನು ಊರಲ್ಲಿ ಇನ್ನೊಬ್ಬನು ಪರಊರಲ್ಲಿ ದುಡಿದು, ಕಿರಿಯರ ಓದಿಗೆ ಹೆಗಲು ಕೊಟ್ಟಂತಾಗುತ್ತದೆ. ಓದಿ ದೊಡ್ಡವನಾದ ಆ ಮಗು ಮುಂದೆ ತಾನೂ ಹತ್ತು ಮಂದಿಯಲ್ಲಿ ಒಬ್ಬನಾದರೆ ಋಣ ತೀರಿತು.