ನಕ್ಷತ್ರ ನೋಡಲು ಎಷ್ಟು ಬ್ಯಾಟರಿ ಬೇಕು?

2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣವಿದೆ. ಎಂಟೂವರೆಯ ಸುಮಾರಿಗೆ ಚಂದ್ರನ ಅಂಚು ಕಪ್ಪಾಗತೊಡಗಿ, ಮಧ್ಯರಾತ್ರಿ ದಾಟುವ ಹೊತ್ತಿಗೆ ಗ್ರಹಣ ಬಿಡುತ್ತದೆ. ಬೀದರ್ ಜಿಲ್ಲೆಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಕಾಣುವಂಥದು.

ಹುಮನಾಬಾದಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ತನ್ನ ದೂರದರ್ಶಕದಲ್ಲಿ ಪೂರ್ತಿ ನೋಡಲು ಹಟ ಹಿಡಿದಿದ್ದಾಳೆ ಎಂದಿಟ್ಟುಕೊಳ್ಳೋಣ. ಚಂದ್ರ ಮಂಕಾದಾಗ ಸುತ್ತಲಿನ ಸಣ್ಣ ನಕ್ಷತ್ರಗಳೂ ಕಾಣಬೇಕಾದರೆ ಪೇಟೆಯ ದೀಪಗಳಿಂದ ದೂರ ಹೋಗಬೇಕು. ಬಸವಕಲ್ಯಾಣದ ಬಳಿ ಸೋದರಮಾವನ ತೊಗರಿ ಹೊಲವಿದೆ. ಬಸ್ಸಿನಲ್ಲಿ ಸುಮಾರು 30 ಕಿಲೋಮೀಟರ್ ದಾರಿ. ಹೊಲದಲ್ಲಿ ಬೇಕಾದಷ್ಟು ಕತ್ತಲೆಯಿದೆ, ವಿದ್ಯುತ್ ಮಾತ್ರ ಇಲ್ಲ. ಗ್ರಹಣದ ನಡುವೆ ಬ್ಯಾಟರಿ ಕೈಕೊಟ್ಟರೆ, ಅದು ಮತ್ತೆ ಚಾರ್ಜ್ ಆಗುವವರೆಗೆ ಚಂದ್ರ ಕಾಯುವುದಿಲ್ಲ.

ದೂರದರ್ಶಕಕ್ಕೆ ವಿದ್ಯುತ್ ಏಕೆ ಬೇಕು? ಭೂಮಿ ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತದೆ. ನೂರು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಅರ್ಧ ಡಿಗ್ರಿ ಅಗಲದ ಆಕಾಶ ಕಾಣುತ್ತಿದ್ದರೆ, ನಟ್ಟನಡುವೆ ಇಟ್ಟ ನಕ್ಷತ್ರ ಒಂದೇ ನಿಮಿಷದಲ್ಲಿ ಅಂಚಿಗೆ ಬಂದು ಮಾಯವಾಗುತ್ತದೆ. ಇದನ್ನು ತಪ್ಪಿಸಲು ದೂರದರ್ಶಕದ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ, ಮೋಟಾರಿನಿಂದ ನಿಧಾನವಾಗಿ ಸುತ್ತಿಸುತ್ತಾರೆ. ಬಸವಕಲ್ಯಾಣದಲ್ಲಿ ಧ್ರುವ ಕ್ಷಿತಿಜದಿಂದ ಸುಮಾರು 18 ಡಿಗ್ರಿ ಮೇಲಿರುತ್ತದೆ, ಏಕೆಂದರೆ ಊರಿನ ಅಕ್ಷಾಂಶವೂ ಅಷ್ಟೇ. ಇಂಥ ಮೋಟಾರುಗಳಲ್ಲಿ ಹೆಚ್ಚಿನವು 12 ವೋಲ್ಟಿನವು. ಚಳಿಗಾಲದಲ್ಲಿ ಮಸೂರದ ಮೇಲೆ ಇಬ್ಬನಿ ಕೂರದಂತೆ ಬೆಚ್ಚಗಿಡುವ ಪಟ್ಟಿಗೂ ವಿದ್ಯುತ್ ಬೇಕು.

ಈಗ ಅಂಗಡಿಗೆ ಹೋಗೋಣ. ಮೊಬೈಲಿನ ಪವರ್ ಬ್ಯಾಂಕಿನ ಮೇಲೆ 20,000 ಮಿಲಿ ಆಂಪಿಯರ್-ಗಂಟೆ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಪಕ್ಕದ ಯುಪಿಎಸ್ ಬ್ಯಾಟರಿಯ ಮೇಲೆ 12 ವೋಲ್ಟ್, 7 ಆಂಪಿಯರ್-ಗಂಟೆ ಎಂದಿದೆ, ಅಂದರೆ 7,000. ಯಾವುದರಲ್ಲಿ ಹೆಚ್ಚು ಶಕ್ತಿ? ಥಟ್ಟನೆ ಪವರ್ ಬ್ಯಾಂಕ್ ಎನ್ನಬೇಡಿ. ಶಕ್ತಿ ತಿಳಿಯಲು ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಬೇಕು. ಪವರ್ ಬ್ಯಾಂಕಿನ ಅಂಕಿ ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಕೋಶಗಳದ್ದು: 20 × 3.7 = 74 ವ್ಯಾಟ್-ಗಂಟೆ. ಯುಪಿಎಸ್ ಬ್ಯಾಟರಿಯದ್ದು 7 × 12 = 84. ಸಣ್ಣ ಸಂಖ್ಯೆಯದೇ ದೊಡ್ಡದಾಯಿತು! ಮೇಲಾಗಿ 5 ವೋಲ್ಟ್ ಮಾತ್ರ ಕೊಡುವ ಪವರ್ ಬ್ಯಾಂಕಿನಿಂದ 12 ವೋಲ್ಟಿನ ಮೋಟಾರು ನಡೆಯದು.

ಆದ್ದರಿಂದ ಮೊದಲು ಖರ್ಚಿನ ಲೆಕ್ಕ, ಆಮೇಲೆ ಖರೀದಿ. ಮೋಟಾರಿಗೆ 0.7 ಆಂಪಿಯರ್, ಇಬ್ಬನಿ ಪಟ್ಟಿಗೆ 0.8 ಆಂಪಿಯರ್ ಬೇಕೆಂದುಕೊಳ್ಳಿ. ನಿಮ್ಮ ಉಪಕರಣದ ಅಂಕಿಗಳು ಅದರ ಕೈಪಿಡಿಯಲ್ಲಿರುತ್ತವೆ. ಒಟ್ಟು 1.5 ಆಂಪಿಯರ್, ಅಂದರೆ 18 ವ್ಯಾಟ್. ನಾಲ್ಕು ಗಂಟೆಗೆ 72 ವ್ಯಾಟ್-ಗಂಟೆ. ಹಾಗಾದರೆ 84ರ ಬ್ಯಾಟರಿ ಸಾಕಲ್ಲವೇ?

ಸಾಲದು. ಯುಪಿಎಸ್ ಬ್ಯಾಟರಿ ಸೀಸ-ಆಮ್ಲದ್ದು. ಅದನ್ನು ಬರಿದು ಮಾಡಿದಷ್ಟೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಆಯುಷ್ಯ ಕುಗ್ಗುತ್ತದೆ. ಅರ್ಧ ಬಳಸಿ ನಿಲ್ಲಿಸುವುದು ಒಳ್ಳೆಯದು. 84ರ ಅರ್ಧ 42. ಅದು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಜೊತೆಗೆ ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಸ್ವಲ್ಪ ತಗ್ಗುತ್ತದೆ. 12 ವೋಲ್ಟ್, 18 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 216 ವ್ಯಾಟ್-ಗಂಟೆ ಇದೆ. ಅರ್ಧ ಬಳಸಿದರೂ 108 ಸಿಕ್ಕಿ, ಕೈಯಲ್ಲಿ ಮಿಗುತ್ತದೆ. ತೂಕ ಐದಾರು ಕಿಲೋ. ಬಸ್ಸಿನಲ್ಲಿ ಹೊರುವುದು ಕಷ್ಟವೆನಿಸಿದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿದೆ. ಅದರ ಶೇಕಡಾ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು, ಆದ್ದರಿಂದ 12 ಆಂಪಿಯರ್-ಗಂಟೆಯದೇ ಸಾಕು. ಹಗುರ, ಬಾಳಿಕೆಯೂ ಹೆಚ್ಚು. ಆದರೆ ಬೆಲೆ ಹೆಚ್ಚು, ಅದಕ್ಕೆಂದೇ ಮಾಡಿದ ಚಾರ್ಜರೂ ಬೇಕು.

“ಮಾವನ ಟ್ರ್ಯಾಕ್ಟರಿನ ಬ್ಯಾಟರಿಯೇ ಇದೆಯಲ್ಲ!” ಎಂದು ಕೆಲವರಿಗೆ ಹೊಳೆಯಬಹುದು. ಅದು ಎಂಜಿನ್ ಚಾಲೂ ಮಾಡಲು ಕೆಲವೇ ಕ್ಷಣ ಭಾರೀ ಪ್ರವಾಹ ಕೊಡಲೆಂದು ಮಾಡಿದ್ದು. ರಾತ್ರಿಯಿಡೀ ಹಿಂಡಿದರೆ ಬ್ಯಾಟರಿಯೂ ಕೆಡುತ್ತದೆ, ಬೆಳಗ್ಗೆ ಟ್ರ್ಯಾಕ್ಟರೂ ಚಾಲೂ ಆಗದೆ ಮಾವ ಸಿಟ್ಟಾಗುತ್ತಾರೆ. ಆಮ್ಲ ಚೆಲ್ಲುವ ಬ್ಯಾಟರಿಯನ್ನು ಬಸ್ಸಿನಲ್ಲಿ ಒಯ್ಯುವ ಯೋಚನೆಯಂತೂ ಬೇಡವೇ ಬೇಡ.

ಪೋಷಕರು ಗಮನಿಸಬೇಕಾದ ಮಾತು: 12 ವೋಲ್ಟಿನಿಂದ ಶಾಕ್ ಹೊಡೆಯದಿದ್ದರೂ ಬೆಂಕಿ ಹತ್ತಬಹುದು. ಚೀಲದಲ್ಲಿನ ಕೀಲಿಕೈ ಬ್ಯಾಟರಿಯ ಎರಡೂ ತುದಿಗೆ ತಗುಲಿದರೆ ಕ್ಷಣದಲ್ಲಿ ಕಾದು ಕೆಂಪಾದೀತು. ತುದಿಗಳಿಗೆ ಮುಚ್ಚಳ ಹಾಕಿಸಿ. ಬ್ಯಾಟರಿಯ ಹತ್ತಿರವೇ ಧನ ತಂತಿಯಲ್ಲಿ ಫ್ಯೂಸ್ ಇರಲಿ. ಧನ-ಋಣ ಅದಲುಬದಲಾದರೆ ಮೋಟಾರಿನ ಮಂಡಲವೇ ಸುಟ್ಟೀತು. ಜೋಡಿಸುವ ಮುನ್ನ ಮಲ್ಟಿಮೀಟರಿನಿಂದ ಪರೀಕ್ಷಿಸಿ.

ಗ್ರಹಣಕ್ಕೆ ಒಂದು ವಾರ ಮೊದಲು ಮನೆಯ ಮಾಳಿಗೆಯ ಮೇಲೆ ಎಲ್ಲವನ್ನೂ ಜೋಡಿಸಿ, ನಾಲ್ಕು ಗಂಟೆ ನಡೆಸಿ ನೋಡಿ. ಅರ್ಧರ್ಧ ಗಂಟೆಗೆ ವೋಲ್ಟ್ ಎಷ್ಟೆಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಅಂಗಡಿಯವರ ಮಾತಿಗಿಂತ ಆ ಒಂದು ಪುಟ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು, ಮೋಟಾರು ಕೊಳ್ಳಲು ಹಣವಿಲ್ಲದವರು ಕೊರಗಬೇಕಿಲ್ಲ. ಕೈಯಿಂದ ನೂಕುವ ದೂರದರ್ಶಕಕ್ಕೆ ಬ್ಯಾಟರಿಯೇ ಬೇಡ. ನಿಮಿಷಕ್ಕೊಮ್ಮೆ ಮೆಲ್ಲಗೆ ಸರಿಸುತ್ತಿದ್ದರಾಯಿತು. ಭೂಮಿ ತಿರುಗುತ್ತಿದೆ ಎಂಬ ಪಾಠ ಬೆರಳ ತುದಿಗೇ ಸಿಗುತ್ತದೆ.