ಕಥೆಗಾರನಿಗೆ ಹದಿನೈದು ನಿಮಿಷ

ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ ಕಥೆಗಾರನಿಗೆ ಈಗ ಸಿಗುವ ಸಮಯ ಹದಿನೈದು ನಿಮಿಷ. ಸುಗ್ಗಿಹಬ್ಬದ ದಿನ ಕುಂಬಳಕಾಯಿ, ಕೋಳಿ, ಬಾಳೆಗೊನೆಗಳ ಲಿಲಾವು ಮುಗಿದಿರುತ್ತದೆ, ಊಟಕ್ಕೆ ಎಲೆ ಹಾಕಿರುವುದಿಲ್ಲ. ಅಲ್ಲಿಯವರೆಗೆ ಜನ ಚದುರದಂತೆ ಹಿಡಿದು ಕೂರಿಸಲು ಯಾರಾದರೊಬ್ಬರು ಬೇಕಲ್ಲ! ಕ್ರಿಸ್ತನ ಕಥೆಯನ್ನು ಹಾಡಿ, ಆಡಿ, ಊರಿಂದೂರಿಗೆ ಹೊತ್ತು ತಿರುಗುವ ಕಥಾಕೀರ್ತನಕಾರನನ್ನು ನಾವು ಹೊತ್ತು ಕಳೆಯುವ ಸಾಧನ ಮಾಡಿಕೊಂಡಿದ್ದೇವೆ. ಇದಕ್ಕೆ ನನ್ನ ತಕರಾರಿದೆ. ಇದಕ್ಕೆ ಕೊಡುವ ಕಾರಣಗಳ ಬಗೆಗಂತೂ ಇನ್ನೂ ಹೆಚ್ಚಿನ ತಕರಾರಿದೆ.

ಗೆಜ್ಜೆ, ಚಿಟಿಕೆ, ಕೀರ್ತನೆಯ ಧಾಟಿ ನಮ್ಮವಲ್ಲ ಎಂಬುದು ಮೊದಲನೆಯ ಕಾರಣ. ಹಾಗಾದರೆ ನಮ್ಮದು ಯಾವುದು? ಜರ್ಮನಿಯಿಂದ ಬಂದ ರಾಗಗಳೆ? ಚಿಕ್ಕಂದಿನಿಂದ ಅವನ್ನು ಹಾಡಿ ಬೆಳೆದವನು ನಾನು. ಅವನ್ನು ಬಿಡಿ ಎಂದು ಹೇಳಲಾರೆ. ಆದರೆ ಆ ರಾಗಗಳನ್ನು ತಂದವರೇ ಈ ನೆಲದ ಧಾಟಿಗೆ ಕಿವಿಗೊಟ್ಟಿದ್ದರು ಎಂಬುದನ್ನು ಮರೆಯಬಾರದು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಮಿಶನ್ನಿನ ಕಿಟೆಲ್ಲರು 1894ರಲ್ಲಿ ಹೊರಬಂದ ತಮ್ಮ ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲಿ, 'ಕಥಾಮಾಲೆ'ಯಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯವಾಗಿ ಹೇಳಿದರು. ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು ತಮಿಳಿನ ಕುರವಂಜಿಯ ಮಟ್ಟಿನಲ್ಲಿ 'ಬೆತ್ಲೆಹೇಮ್ ಕುರವಂಜಿ' ಬರೆದರು. ಮರಾಠಿ ನಾಡಿನಲ್ಲಿ 1895ರಲ್ಲಿ ದೀಕ್ಷಾಸ್ನಾನ ಪಡೆದ ನಾರಾಯಣ ವಾಮನ ತಿಲಕರು ಕೀರ್ತನೆಯ ಮೂಲಕವೇ ಕ್ರಿಸ್ತನನ್ನು ಸಾರಿದರು. 1919ರಲ್ಲಿ ಅವರು ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ 'ಖ್ರಿಸ್ತಾಯನ'ವನ್ನು ಪತ್ನಿ ಲಕ್ಷ್ಮೀಬಾಯಿ ಬರೆದು ಮುಗಿಸಿದರು. ನಮ್ಮ ಧಾರವಾಡ ಸೀಮೆಯ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಅದರಿಂದ ಅವರ ಪಾದ್ರಿತನಕ್ಕೇನೂ ಮುಕ್ಕಾಗಲಿಲ್ಲ. ಇವರೆಲ್ಲರಿಗಿಂತ ಶುದ್ಧ ಕ್ರೈಸ್ತರು ನಮ್ಮ ಸಭಾ ಸಮಿತಿಗಳಲ್ಲಿ ತುಂಬಿದ್ದಾರೆಂಬುದು ನಿಜಕ್ಕೂ ಸಂತೋಷದ ಸಂಗತಿ.

ಎರಡನೆಯ ಕಾರಣ, ಕಥೆಗಾರ ಸತ್ಯವೇದದಲ್ಲಿ ಇಲ್ಲದ್ದನ್ನು ಸೇರಿಸುತ್ತಾನೆ ಎಂಬುದು. ಸೇರಿಸುತ್ತಾನೆ, ಒಪ್ಪೋಣ. ಜಕ್ಕಾಯ ಹತ್ತಿದ ಮರವನ್ನು ನಮ್ಮೂರ ಅಗಸಿಯ ಮುಂದೆ ನಿಲ್ಲಿಸುತ್ತಾನೆ, ಅವನ ಬಗಲಿಗೆ ಲೆಕ್ಕದ ವಹಿಯೊಂದನ್ನು ಕೊಡುತ್ತಾನೆ. ಆದರೆ ಸ್ವಾಮಿ ತಾನೇ ಸಾಮ್ಯಗಳನ್ನು ಹೇಳುವಾಗ ಕೇಳುವವರ ಹೊಲ, ಕುರಿ, ಹುಳಿಹಿಟ್ಟು, ಬಿತ್ತನೆಗಳಿಂದಲೇ ಹೇಳಲಿಲ್ಲವೆ? ತಪ್ಪು ನುಸುಳೀತೆಂಬ ಭಯವಿದ್ದರೆ ಸಭಾಪಾಲಕರು ಹಿಂದಿನ ದಿನ ಅವನೊಡನೆ ಸತ್ಯವೇದ ತೆರೆದು ಕೂರಲಿ.

ಜನಕ್ಕೆ ವೇಳೆ ಇಲ್ಲ ಎಂಬುದು ಮೂರನೆಯದು. ಒಂದು ದಿನದ ಕ್ರಿಕೆಟ್ಟಿಗೆ ಇಡೀ ದಿನ ಕೊಡುವ ಜನ ಇವರೇ. ಇದಕ್ಕೆ ಹೆಚ್ಚಿನ ಉತ್ತರ ಬೇಕಾಗಿಲ್ಲ.

ನಿಜವಾದ ಕಾರಣವೇ ಬೇರೆ. ಅದನ್ನು ನಾನು ಕಣ್ಣಾರೆ ಕಂಡದ್ದು ನಾನು ಸದಸ್ಯನಾಗಿದ್ದ ಒಂದು ಸಭೆಯಲ್ಲಿ. ಅಲ್ಲಿಗೆ ವರ್ಷಕ್ಕೊಮ್ಮೆ ಒಬ್ಬ ಮುದುಕ ಕಥೆಗಾರರು ಬರುತ್ತಿದ್ದರು. ಒಮ್ಮೆ ಅವರು ಜಕ್ಕಾಯನ ಕಥೆ ಎತ್ತಿಕೊಂಡರು. ಜಕ್ಕಾಯ ಮೋಸದಿಂದ ಗಳಿಸಿದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದು ನಿಂತ ಭಾಗ ಬಂದಾಗ ವಹಿಯ ಹಾಳೆ ಒಂದೊಂದಾಗಿ ಮಗುಚಿ, ವಿಧವೆಯ ಸಾಲ ಇಷ್ಟು, ಕೂಲಿಯವನ ಬಡ್ಡಿ ಇಷ್ಟು ಎಂದು ಹಾಡತೊಡಗಿದರು. ಸಭೆಯ ಬಡವರಿಗೇ ಬಡ್ಡಿಗೆ ದುಡ್ಡು ಕೊಡುವವರು ಮೊದಲ ಬೆಂಚಿನಲ್ಲಿದ್ದರು. ಹಿಂದೆ ಚಾಪೆಯ ಮೇಲಿದ್ದ ಹೆಂಗಸರು ನಗಲಿಲ್ಲ, ಅಳಲಿಲ್ಲ. ಮೊದಲ ಬೆಂಚಿನ ಕಡೆ ನೋಡಿದರು, ಅಷ್ಟೆ. ಮರುವರ್ಷ ಅವರಿಗೆ ಹದಿನೈದು ನಿಮಿಷದ ಕಟ್ಟಳೆಯಾಯಿತು. "ಅಜ್ಜಾರ, ದೇವಾಲಯದಾಗ ಗೆಜ್ಜಿ ಬ್ಯಾಡ್ರಿ," ಎಂದು ಕಾರ್ಯದರ್ಶಿ ಹೇಳಿದರು. "ಗೆಜ್ಜಿ ಬಿಚ್ಚಿ ಇಡತೀನ್ರಿ ಸಾಹೇಬ್ರ, ಕತಿ ಹ್ಯಾಂಗ ಬಿಚ್ಚಿ ಇಡ್ಲಿ?" ಎಂದರು ಮುದುಕರು. ಅದರ ಮುಂದಿನ ವರ್ಷ ಅವರನ್ನು ಕರೆಯಲೇ ಇಲ್ಲ.

ಅಲ್ಲಿ ಪ್ರತಿ ಭಾನುವಾರ ಪ್ರಸಂಗದಲ್ಲಿ ಲೋಭದ ಖಂಡನೆ ನಡೆಯುತ್ತಿತ್ತು, ಯಾರಿಗೂ ನೋವಾಗುತ್ತಿರಲಿಲ್ಲ. ಲೋಭ ಎಂಬ ಮಾತು ಎಲ್ಲರ ತಲೆಯ ಮೇಲಿನಿಂದ ಹಾದು ಗೋಡೆಗೆ ಬಡಿಯುತ್ತದೆ. ಕಥೆ ಹಾಗಲ್ಲ. ದಾವೀದನಿಗೆ ವ್ಯಭಿಚಾರ ಪಾಪವೆಂದು ಪ್ರವಾದಿ ನಾತಾನನು ಪ್ರಸಂಗ ಮಾಡಿದ್ದರೆ ಅರಸನು ತಲೆದೂಗಿ ಕಳಿಸುತ್ತಿದ್ದನೇನೋ. ನಾತಾನ ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಅರಸ ಸಿಟ್ಟಾಗಿ ತೀರ್ಪು ಕೊಟ್ಟ. ಆ ತೀರ್ಪು ತನಗೇ ಎಂದು ಆಮೇಲೆ ತಿಳಿಯಿತು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಂತಿದ್ದಾನೆ, ತಂದೆ ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಬಂದನೆ? ಸ್ವಾಮಿ ಹೇಳಲಿಲ್ಲ, ಕೇಳುವವರಿಗೇ ಬಿಟ್ಟ. ನಮ್ಮ ಪ್ರಸಂಗಗಳು ಆ ಬಾಗಿಲನ್ನು ಮೂರು ನೀತಿಗಳಿಂದ ಭದ್ರವಾಗಿ ಮುಚ್ಚಿ ಆಮೆನ್ ಹೇಳುತ್ತವೆ. ಬೆಂಚಿನ ಮೇಲೆ ಕೂತವರಿಗೆ ಬೇಕಾದದ್ದೂ ಅದೇ.

ಕಥೆಗಾರ ಊರಿನವನಲ್ಲ, ಯಾರ ಹಂಗೂ ಅವನಿಗಿಲ್ಲ. ಮರುದಿನದ ಬಸ್ಸು ಹತ್ತಿ ಹೋಗುವವನಾದ್ದರಿಂದಲೇ ನಿಜ ಹೇಳಬಲ್ಲ. ಓದು ಬಾರದ ತಾಯಂದಿರಿಗೆ ಸತ್ಯವೇದ ಸಿಕ್ಕಿದ್ದು ಇಂಥವರ ಬಾಯಿಂದ. ಅವನನ್ನು ಕಳೆದುಕೊಂಡರೆ ಸಭೆಗೆ ನಷ್ಟವಾಗುವುದು ಬರಿಯ ಮನರಂಜನೆ ಅಲ್ಲ, ಹೊರಗಿನಿಂದ ಬಂದು ಎದುರು ನಿಂತು ಮಾತಾಡುವ ಒಂದೇ ಒಂದು ದನಿ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಕಥೆಗಾರನಿಗೆ ಒಂದು ಇಡೀ ಸಂಜೆ ಕೊಡಿ. ಹೊರ ಊರಿನ ಪ್ರಸಂಗಿಗೆ ಕೊಡುವಷ್ಟೇ ಗೌರವಧನ, ಬಸ್ಸಿನ ಖರ್ಚು ಕೊಡಿ. ಉಳಿದ ಬಾಳೆಗೊನೆ ಕೊಟ್ಟು ಕಳಿಸಬೇಡಿ. ಸಂಡೇಸ್ಕೂಲಿನ ಇಬ್ಬರು ಹುಡುಗರನ್ನು ಅವನ ಹಿಂದೆ ಕಳಿಸಿ, ಕಲಿಯಲಿ. ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬ ಚೀಟಿ ಮಾತ್ರ ಕೈಗೆ ಕೊಡಬೇಡಿ. ಅವನ ಕಥೆ ಕೇಳಿ ಮೊದಲ ಬೆಂಚಿನಲ್ಲಿ ಯಾರಿಗಾದರೂ ಕೂತಲ್ಲೇ ಮುಳ್ಳು ಚುಚ್ಚಿದಂತಾದರೆ, ಸುವಾರ್ತೆ ಅಲ್ಲಿಗೆ ತಲುಪಿತೆಂದು ಲೆಕ್ಕ.